ಮೇ ತಿಂಗಳಲ್ಲಿಯೂ ಶಾಲೆ ನಡೆಯಲಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ತಾಯಿ-ತಂದೆಯರನ್ನು ಕಣ್ಣ ಮುಂದಿಟ್ಟುಕೊಂಡು ಮಾತನಾಡುತ್ತಿದ್ದೇನೆ. ಏಪ್ರಿಲ್ 10ರ ಸುಮಾರಿಗೆ ಫಲಿತಾಂಶ ಹೇಳಿ ಶಾಲೆಗೆ ಹಾಕುವ ಬೀಗವನ್ನು ಮೇ ಕೊನೆಯ ವಾರದವರೆಗೆ ತೆಗೆಯುವುದಿಲ್ಲ. ಅಷ್ಟರಲ್ಲಿ ಮಗು ಕಲಿತದ್ದನ್ನು ಮರೆತಿರುತ್ತದೆ. ಆದ್ದರಿಂದ ಶಾಲಾ ವರ್ಷವನ್ನು ನಾಲ್ಕು ವಾರವಾದರೂ ಹೆಚ್ಚಿಸಬೇಕು. ನಾನು ಹೇಳಲು ಬಂದಿರುವುದು ಇಷ್ಟೇ.

ಶಿರಹಟ್ಟಿ ತಾಲ್ಲೂಕಿನ ತಾಂಡಾವೊಂದರ ಶಾಲೆಯಲ್ಲಿ, ಮಾರ್ಚ್ ತಿಂಗಳಲ್ಲಿ, ಮೂರನೆಯ ತರಗತಿಯ ಹುಡುಗಿಯೊಬ್ಬಳು 52ರಲ್ಲಿ 17 ಕಳೆಯುವ ಲೆಕ್ಕವನ್ನು ನನ್ನೆದುರಿಗೇ ಬಿಡಿಸಿದ್ದಳು. 5ನ್ನು ಹೊಡೆದು ಅದರ ಮೇಲೆ 4 ಬರೆದು, 2ರ ಪಕ್ಕದಲ್ಲಿ ಸಣ್ಣದೊಂದು 1 ಇಟ್ಟು, ಉತ್ತರ 35 ಎಂದು ಪಾಟಿಯನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಬೇಸಿಗೆಯಲ್ಲಿ ಮನೆಯವರು ಕಟ್ಟಡದ ಕೆಲಸಕ್ಕೆಂದು ಗೋವಾಕ್ಕೆ ದುಡಿಯಲು ಹೋದರು. ಶಾಲೆಯೇ ಇಲ್ಲದ ಮೇಲೆ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗುವ ಕಾರಣವೂ ಅವರಿಗಿರಲಿಲ್ಲ. ಜೂನ್‌ನಲ್ಲಿ ಅದೇ ಲೆಕ್ಕ ಕೊಟ್ಟೆ. 7ರಲ್ಲಿ 2 ಕಳೆದು 5, 5ರಲ್ಲಿ 1 ಕಳೆದು 4, ಹೀಗೆ 45 ಎಂದು ಬರೆದಳು. ಇದು ದಡ್ಡತನವಲ್ಲ, ಕೈಗೆ ರೂಢಿ ತಪ್ಪಿತ್ತು, ಅಷ್ಟೇ. ಅವಳ ಗುರುಗಳಾದರೂ ಆಗ ಸೇತುಬಂಧದ ಹೆಸರಿನಲ್ಲಿ ಹಿಂದಿನ ವರ್ಷದ್ದನ್ನೇ ತಿರುಗಿ ಕಲಿಸುತ್ತಿದ್ದರು. ಮರೆಯುವುದಕ್ಕೆ ಏಳು ವಾರ ಬಿಟ್ಟು, ನೆನಪಿಸುವುದಕ್ಕೆ ಮತ್ತೆ ಪಾಠದ ದಿನಗಳನ್ನೇ ಖರ್ಚು ಮಾಡುವ ಈ ಪದ್ಧತಿಯನ್ನು ನಾವೇಕೆ ಸಹಿಸಿಕೊಂಡು ಬಂದಿದ್ದೇವೆಯೋ ತಿಳಿಯದು. ಹುಬ್ಬಳ್ಳಿಯ ಉಳ್ಳವರ ಮಕ್ಕಳಿಗೆ ಬೇಸಿಗೆ ಶಿಬಿರವಿದೆ, ಟ್ಯೂಷನ್ ಇದೆ; ಈ ಹುಡುಗಿಗೆ ಇರುವುದು ಶಾಲೆಯೊಂದೇ.

ಶಿಕ್ಷಣ ಹಕ್ಕು ಕಾಯ್ದೆಯು 2009ರಲ್ಲಿ ಐದನೆಯ ತರಗತಿಯವರೆಗೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಎಂದು ಗೊತ್ತುಪಡಿಸಿದ್ದು ಕನಿಷ್ಠ ಮಿತಿ. ಅದಕ್ಕಿಂತ ಹೆಚ್ಚು ದಿನ ಕಲಿಸಬೇಡಿ ಎಂದು ಯಾವ ಕಾಯ್ದೆಯೂ ಹೇಳಿಲ್ಲ.

ಬಿಸಿಲಿನ ಮಾತು ಎತ್ತುವವರು ಬಹಳ ಜನ. ಶನಿವಾರ ನಡೆಸುವಂತೆ ಮುಂಜಾನೆಯ ಶಾಲೆ ನಡೆಸಿ, ಬಿಸಿಯೂಟ ಬಡಿಸಿ, ಹೊತ್ತೇರುವ ಮೊದಲೇ ಮನೆಗೆ ಕಳಿಸಬಹುದು. ಬರಗಾಲದ ವರ್ಷಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಶಾಲೆಯ ಒಲೆ ಹೊತ್ತಿಸಿದ್ದೇವಲ್ಲ, ಅದೇ ಮಕ್ಕಳನ್ನು ಎರಡು ತಾಸು ಕೂರಿಸಿ ಓದಿಸುವುದು ಅಸಾಧ್ಯವೇ?

ಶಿಕ್ಷಕರು ರಜೆಯಲ್ಲಿ ದುಡಿದ ದಿನಗಳಿಗೆ ಗಳಿಕೆ ರಜೆ ಕೊಡಲೇಬೇಕು. ಸಮಯ ಮುಗಿಯುತ್ತ ಬಂದಿರುವುದರಿಂದ ಆ ವಿಚಾರವನ್ನು ಇಲ್ಲಿಗೇ ಬಿಡುತ್ತೇನೆ. ನಿಮ್ಮೂರ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಸಭೆ ಮುಂದೆ ಸೇರಿದಾಗ, ಮೇ ತಿಂಗಳಲ್ಲಿ ಮುಂಜಾನೆಯ ಶಾಲೆ ಬೇಕೆಂದು ಠರಾವು ಬರೆಸಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳಿಸಿರಿ. ನಮಸ್ಕಾರ.