ಫೋಟೊ ತೋರಿಸಿದರೆ ನಿಮ್ಮ ಫೋನ್ ಲಾಕ್ ತೆರೆಯುತ್ತಾ?

[ದೃಶ್ಯ: ಮೇಜಿನ ಮೇಲೆ ಲಾಕ್ ಆದ ಫೋನ್. ಅದರೆದುರು ಇನ್ನೊಂದು ಫೋನ್, ಪರದೆ ತುಂಬ ಸೆಲ್ಫಿ.]

ಮೊದಲು ಇದನ್ನು ಮಾಡಿ ನೋಡಿ. ಬೇರೆ ಫೋನಿನಲ್ಲಿ ನಿಮ್ಮ ಸೆಲ್ಫಿ ತೆರೆದು ಬ್ರೈಟ್‌ನೆಸ್ ಪೂರ್ತಿ ಏರಿಸಿ, ನಿಮ್ಮ ಫೋನಿನ ಕ್ಯಾಮೆರಾದಿಂದ ಒಂದಡಿ ದೂರ ಹಿಡಿಯಿರಿ. ನಿಮ್ಮ ಮುಖ ಮಾತ್ರ ಕ್ಯಾಮೆರಾಗೆ ಕಾಣಬಾರದು. ಹಿಂದೆ ಮುಂದೆ ಸರಿಸಿ, ಸ್ವಲ್ಪ ಓರೆ ಮಾಡಿ. ಒಂದೇ ಸಲ ತೆರೆದುಕೊಂಡರೂ ಸಾಕು, ಫೇಸ್ ಅನ್‌ಲಾಕ್ ಆಫ್ ಮಾಡಿ ಬೆರಳಚ್ಚು ಇಟ್ಟುಕೊಳ್ಳಿ. ತೆರೆಯಲಿಲ್ಲ ಅಂತ ನಿಶ್ಚಿಂತೆಯೂ ಬೇಡ. ಫೋಟೊಗೆ ಜಗ್ಗದ ಫೋನ್ ವಿಡಿಯೋಗೆ ಮೋಸ ಹೋಗಬಹುದು.

[ದೃಶ್ಯ: ಮುಖದ ಮೇಲೆ ಚುಕ್ಕಿಗಳ ಗ್ರಾಫಿಕ್ಸ್.]

ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಮುಖ ನೋಡುವುದು ಸೆಲ್ಫಿ ಕ್ಯಾಮೆರಾ ಒಂದೇ. ಅದಕ್ಕೆ ಸಿಗುವುದು ಚಪ್ಪಟೆ ಚಿತ್ರ. 2017ರ ಐಫೋನ್ ಎಕ್ಸ್‌ನಲ್ಲಿ ಬಂದ ಫೇಸ್ ಐಡಿ ಹಾಗಲ್ಲ. ಕಣ್ಣಿಗೆ ಕಾಣದ 30,000ಕ್ಕೂ ಹೆಚ್ಚು ಇನ್‌ಫ್ರಾರೆಡ್ ಚುಕ್ಕಿಗಳನ್ನು ಮುಖದ ಮೇಲೆ ಚೆಲ್ಲಿ, ಮೂಗಿನ ಉಬ್ಬು, ಕಣ್ಣಿನ ಆಳ ಅಳೆಯುತ್ತದೆ. ಫೋಟೊದಲ್ಲಿ ಉಬ್ಬುತಗ್ಗು ಎಲ್ಲಿಂದ ಬರಬೇಕು?

ಗೂಗಲ್ ಆಂಡ್ರಾಯ್ಡ್‌ನಲ್ಲಿ ಮೂರು ದರ್ಜೆ ಮಾಡಿದೆ. ನಕಲಿಗೆ ಮೋಸ ಹೋಗುವ ಪ್ರಮಾಣ ಶೇ. 7ರೊಳಗಿದ್ದರೆ ಕ್ಲಾಸ್ 3, ಶೇ. 20ರವರೆಗೆ ಕ್ಲಾಸ್ 2, ಅದಕ್ಕೂ ಮೀರಿದರೆ ಕ್ಲಾಸ್ 1. ನಿಮ್ಮದು ಯಾವುದು? ಬ್ಯಾಂಕ್ ಆಪ್ ತೆರೆದು ನೋಡಿ. ಬೆರಳನ್ನಷ್ಟೇ ಕೇಳಿ ಮುಖವನ್ನು ಕೇಳುವುದೇ ಇಲ್ಲ ಅಂದರೆ, ನಿಮ್ಮ ಫೇಸ್ ಅನ್‌ಲಾಕ್ ಬಹುತೇಕ ಕ್ಲಾಸ್ 3 ಅಲ್ಲ. 2023ರಲ್ಲಿ ಬಂದ ಗೂಗಲ್‌ನದೇ ಫೋನ್ ಪಿಕ್ಸೆಲ್ 8 ಒಂದೇ ಸೆಲ್ಫಿ ಕ್ಯಾಮೆರಾದಲ್ಲಿ ಆ ದರ್ಜೆ ಮುಟ್ಟಿತು, ಅಂಥವು ಕಡಿಮೆ.

[ದೃಶ್ಯ: ಸೆಟ್ಟಿಂಗ್ಸ್ ಪರದೆ, ಹತ್ತಿರದಿಂದ.]

ಆಳ ಅಳೆಯುವ ಫೋನೂ ಮಲಗಿದವರ ಮುಖಕ್ಕೆ ತೆರೆಯಬಾರದಲ್ಲವೇ? 2019ರ ಪಿಕ್ಸೆಲ್ 4 ಕಣ್ಣು ಮುಚ್ಚಿದ್ದರೂ ತೆರೆಯುತ್ತಿತ್ತು, ಮುಂದಿನ ವರ್ಷ ಅಪ್‌ಡೇಟ್‌ನಲ್ಲಿ ಸರಿಹೋಯಿತು. ಸ್ಯಾಮ್‌ಸಂಗ್‌ನಲ್ಲಿ 'ರಿಕ್ವೈರ್ ಓಪನ್ ಐಸ್', ಐಫೋನಿನಲ್ಲಿ 'ರಿಕ್ವೈರ್ ಅಟೆನ್ಶನ್ ಫಾರ್ ಫೇಸ್ ಐಡಿ' ಆನ್ ಇರಲೇಬೇಕು.

ಐಫೋನಿನವರು ಅದೇ ಪುಟದಲ್ಲಿ 'ಸೆಟ್ ಅಪ್ ಆನ್ ಆಲ್ಟರ್ನೇಟ್ ಅಪಿಯರೆನ್ಸ್' ಇದೆಯಾ ನೋಡಿ. ಅದು ಕಾಣದಿದ್ದರೆ ಎರಡನೇ ಮುಖ ಆಗಲೇ ಸೇರಿದೆ. ನೀವು ಸೇರಿಸಿಲ್ಲವೆಂದರೆ ನಿಮ್ಮ ಪಾಸ್‌ಕೋಡ್ ಗೊತ್ತಿರುವ ಯಾರೋ ಸೇರಿಸಿದ್ದಾರೆ. ಕೂಡಲೇ ಪಾಸ್‌ಕೋಡ್ ಬದಲಿಸಿ, ಫೇಸ್ ಐಡಿ ರಿಸೆಟ್ ಮಾಡಿ, ನಿಮ್ಮ ಮುಖವನ್ನು ಹೊಸದಾಗಿ ಸೇರಿಸಿ.

ಫೋನ್ ಕಿತ್ತುಕೊಂಡು ನಿಮ್ಮ ಮುಖಕ್ಕೇ ಹಿಡಿಯುತ್ತಾರೆ ಅನ್ನುವ ಭಯವಿದ್ದರೆ, ಐಫೋನಿನಲ್ಲಿ ಸೈಡ್ ಬಟನ್ ಜೊತೆ ಯಾವುದಾದರೂ ವಾಲ್ಯೂಮ್ ಬಟನ್ ಒತ್ತಿ, ಪವರ್ ಆಫ್ ಸ್ಲೈಡರ್ ಬರುವವರೆಗೆ ಹಿಡಿಯಿರಿ. ಆಂಡ್ರಾಯ್ಡ್‌ನಲ್ಲಿ ಪವರ್ ಮೆನುವಿನ 'ಲಾಕ್‌ಡೌನ್' ಒತ್ತಿ. ಕೆಲವು ಫೋನುಗಳಲ್ಲಿ ಅದನ್ನು ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಟ್ಟಿರಬೇಕು. ಆಮೇಲೆ ಪಿನ್ ಹಾಕುವವರೆಗೂ ಮುಖ ತೋರಿಸಿ ಫೋನ್ ತೆರೆಯಲು ಆಗುವುದಿಲ್ಲ.