80 ಎಚ್‌ಪಿ ಅಂದ ಮಾತ್ರಕ್ಕೆ ಪ್ರೊಪೆಲ್ಲರ್ ಹೊಂದುವುದಿಲ್ಲ

ಮೇಜಿನ ಮೇಲಿರುವ ಈ ಮರದ ಪ್ರೊಪೆಲ್ಲರ್ ಸೆಕೆಂಡ್ ಹ್ಯಾಂಡ್. ನನ್ನ ಗೆಳೆಯ ತನ್ನ ಮೈಕ್ರೋಲೈಟ್ ವಿಮಾನಕ್ಕೆ, ಅಂದರೆ ಒಬ್ಬಿಬ್ಬರು ಕೂರುವ ಪುಟ್ಟ ಹಗುರ ವಿಮಾನಕ್ಕೆ, ಅಂತ ಕೊಂಡು, ಹಾಕುವ ಮೊದಲು ಒಂದ್ಸಲ ನೋಡು ಮಾರಾಯ ಅಂತ ಕಾರವಾರದವರೆಗೆ ಹೊತ್ತು ತಂದಿದ್ದಾನೆ. ಕ್ಯಾಮೆರಾ ಹತ್ತಿರ ತರ್ತೇನೆ, ನಡುವಿನ ಅಚ್ಚು ಓದಿ. 60 x 42. ಮೊದಲನೆಯದು ಈ ತುದಿಯಿಂದ ಆ ತುದಿಗೆ ಇಂಚಿನಲ್ಲಿ ಉದ್ದ. ಎರಡನೆಯದು ಪಿಚ್. ಸ್ಕ್ರೂ ಮರದೊಳಗೆ ಇಳಿಯುವ ಹಾಗೆ, ಒಂದು ಸುತ್ತಿಗೆ ಇದು ಗಾಳಿಯಲ್ಲಿ 42 ಇಂಚು ಮುಂದೆ ಹೋಗಬೇಕು ಅನ್ನುವ ಲೆಕ್ಕ. ಗಾಳಿ ಮರದಷ್ಟು ಗಟ್ಟಿ ಅಲ್ಲ, ಹಾಗಾಗಿ ನಿಜದಲ್ಲಿ ಸ್ವಲ್ಪ ಕಡಿಮೆಯೇ ಹೋಗುತ್ತದೆ.

ಮಾರಿದವರು "80 ಎಚ್‌ಪಿ ಎಂಜಿನ್ನಿಂದ ತೆಗೆದದ್ದು" ಅಂದಿದ್ದಾರೆ. ಮಾತು ಸುಳ್ಳಲ್ಲ. ಇದು ಇದ್ದದ್ದು ಜಬಿರು 2200 ಎಂಜಿನ್ನಿಗೆ. ಗೆಳೆಯನದು ರೋಟಾಕ್ಸ್ 912, ಅದೂ 80 ಎಚ್‌ಪಿಯದೇ. ಹಾಗಾದರೆ ಹೊಂದಬೇಕು, ಅಲ್ವಾ?

ಹೊಂದುವುದಿಲ್ಲ. ಜಬಿರುವಿನಲ್ಲಿ ಪ್ರೊಪೆಲ್ಲರ್ ನೇರವಾಗಿ ಕ್ರ್ಯಾಂಕ್‌ಶಾಫ್ಟಿಗೇ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡಕ್ಕೇ) ಕೂರುತ್ತದೆ, ಎಂಜಿನ್ 3300 ಆರ್‌ಪಿಎಂ, ಅಂದರೆ ನಿಮಿಷಕ್ಕೆ 3300 ಸುತ್ತು, ತಿರುಗಿದರೆ ಇದೂ 3300. ರೋಟಾಕ್ಸ್ 5800ರವರೆಗೆ ತಿರುಗುತ್ತದೆ, ಆದರೆ ನಡುವೆ ಗೇರ್‌ಬಾಕ್ಸ್ ಇದೆ. 2.27ರಿಂದ ಭಾಗಿಸಿ, ಪ್ರೊಪೆಲ್ಲರಿಗೆ ಸಿಗುವುದು ಸುಮಾರು 2550. ಇಲ್ಲೇ ಎಲ್ಲ ಬದಲಾಗುವುದು. ಸುತ್ತು ಅರ್ಧಕ್ಕೆ ಇಳಿದರೆ ಪ್ರೊಪೆಲ್ಲರ್ ಕೇಳುವ ಶಕ್ತಿ ಅರ್ಧ ಆಗುವುದಿಲ್ಲ, ಎಂಟನೇ ಒಂದು ಪಾಲಾಗುತ್ತದೆ. ಆ ಲೆಕ್ಕದಲ್ಲಿ 3300ಕ್ಕೆ 80 ಎಚ್‌ಪಿ ತಿನ್ನುವ ಪ್ರೊಪೆಲ್ಲರ್ 2550ಕ್ಕೆ ತಿನ್ನುವುದು ಬರೀ 37. ಥ್ರಾಟಲ್ ಪೂರ್ತಿ ಕೊಟ್ಟರೆ ಭಾರ ಸಾಲದೆ ಎಂಜಿನ್ ತನ್ನ ಮಿತಿ ದಾಟಿ ಓಡುತ್ತದೆ. ಮಿತಿಯೊಳಗೆ ಇಟ್ಟರೆ ವಿಮಾನ ಏರುವಷ್ಟು ಎಳೆತ ಸಿಗುವುದಿಲ್ಲ.

ಗೇರ್‌ಬಾಕ್ಸ್ ಯಾಕೆ ಬೇಕು ಅಂತ ಕೇಳಬಹುದು. ರೋಟಾಕ್ಸಿಗೆ ಹಾಕುವಂಥ 68 ಇಂಚಿನ ಪ್ರೊಪೆಲ್ಲರನ್ನು ನೇರ 5800ಕ್ಕೆ ತಿರುಗಿಸಿದರೆ ತುದಿಯ ವೇಗ ಸೆಕೆಂಡಿಗೆ 520 ಮೀಟರ್ ದಾಟುತ್ತದೆ. ಶಬ್ದದ ವೇಗವೇ ಸುಮಾರು 340. ಬರೀ ಗದ್ದಲ ಜಾಸ್ತಿ, ಎಳೆತ ಕಡಿಮೆ. ಟ್ಯಾಗೋರ್ ಬೀಚಿನಲ್ಲಿ ನಿಂತಿರುವ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನ ನೋಡಿದ್ದೀರಲ್ಲ, ಅದರಲ್ಲೂ ಒಂದೊಂದು ಎಂಜಿನ್ನಿಗೆ ಎರಡೆರಡು ಪ್ರೊಪೆಲ್ಲರ್, ಒಂದು ಹೀಗೆ ಇನ್ನೊಂದು ಹಾಗೆ ತಿರುಗುತ್ತವೆ, ಅಷ್ಟು ದೊಡ್ಡ ಎಂಜಿನ್ನಿಗೂ ಗೇರ್ ಹಾಕಿಯೇ ನಿಧಾನ ಮಾಡಿದ್ದಾರೆ. ನನಗೆ ಅದರ ಮುಂದೆ ಎಷ್ಟು ಹೊತ್ತು ನಿಂತರೂ ಸಾಕಾಗುವುದಿಲ್ಲ.

ಬೋಲ್ಟ್ ತೂತುಗಳ ಅಳತೆಯೂ ಹೊಂದದೇ ಇರಬಹುದು. ಹಾಗಂತ ದಯವಿಟ್ಟು ಪ್ರೊಪೆಲ್ಲರಿನ ಮರದ ನಡುಭಾಗಕ್ಕೆ (ಹಬ್) ಹೊಸ ತೂತು ಕೊರೆಯಬೇಡಿ.

ಇನ್ನೊಂದು, ನಮ್ಮ ಕರಾವಳಿಯವರಿಗೆ. ಮರದ ಪ್ರೊಪೆಲ್ಲರನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಬಾರದು. ಮಳೆಗಾಲದಲ್ಲಿ ತೇವ ಕೆಳಗಿನ ಬ್ಲೇಡಿಗೆ ಇಳಿದು ಆ ಕಡೆ ತೂಕ ಜಾಸ್ತಿ ಆಗುತ್ತದೆ, ಆಮೇಲೆ ಎಂಜಿನ್ ನಡುಗಲು ಶುರು. ಇದಕ್ಕೂ ಹಾಗೇ ಆಗಿದೆ, ನೋಡಿ, ನಡುವಿನ ತೂತಿಗೆ ಕಂಬಿ ಹಾಕಿ ಎರಡು ಸ್ಟೂಲ್ ಮೇಲೆ ಇಟ್ಟಿದ್ದೇನೆ, ಕೈ ಬಿಟ್ಟ ಕೂಡಲೇ ಒಂದು ಬ್ಲೇಡ್ ಮೆಲ್ಲಗೆ ಕೆಳಗಿಳಿಯುತ್ತಿದೆ.

ರೋಟಾಕ್ಸಿಗೆ ನೆಲದ ಮೇಲೆ ಬ್ಲೇಡಿನ ಕೋನ ಬದಲಿಸಬಹುದಾದ ಪ್ರೊಪೆಲ್ಲರ್ ಹುಡುಕು ಅಂದಿದ್ದೇನೆ. ಅದು ಸಿಕ್ಕ ದಿನ ವಿಮಾನದ ಬಾಲ ಕಟ್ಟಿ ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ ಎಷ್ಟು ಬರುತ್ತದೆ ಅಂತ ಬರೆದುಕೊಳ್ಳುತ್ತೇವೆ. ಇದನ್ನು ಸದ್ಯಕ್ಕೆ ಜಗಲಿಯ ಮೇಲೆ ಅಡ್ಡಕ್ಕೆ ಮಲಗಿಸಿದ್ದೇನೆ. ಜಬಿರು ಇರುವವರು ಯಾರಾದರೂ ಇದ್ದರೆ ಹೇಳಿ.