ಸಬ್ಬಸಗಿ ಹಾಕಿದ್ರೂ ಡಿಲ್ ಪಿಕಲ್ ಘಮ ಯಾಕ ಬರವಲ್ದು? | ಪಾರ್ಟಿ ಸ್ಟಾರ್ಟರ್ ಸ್ಪೆಷಲ್

[ಅಡಗಿ ಮನಿ ಕಟ್ಟಿ. ಎರಡು ಗಾಜಿನ ಬಾಟ್ಲಿ, ಒಂದು ಸೂಡು ಸಬ್ಬಸಗಿ]

ನಮಸ್ಕಾರ್ರಿ ಎಲ್ಲಾರಿಗೂ. ಹೋದ ವಿಡಿಯೋಕ್ಕ ಇಲ್ಲೇ ಕಲಬುರಗಿಯವರೇ ಒಬ್ರು ಅಕ್ಕೋರು ಒಂದು ಪ್ರಶ್ನಿ ಕೇಳ್ಯಾರ, ಅದು ನನಗ ನಿದ್ದಿ ಕೆಡಿಸ್ಯದ. "ತಮ್ಮಾ, ಮಗಳ ಬರ್ತ್‌ಡೇ ಅದ, ಪಾರ್ಟಿಗಿ ಡಿಲ್ ಪಿಕಲ್ ಸ್ಟಾರ್ಟರ್ ಮಾಡಬೇಕಂತ ಸೌತಿಕಾಯಿಗಿ ವಿನೆಗರ್ ಹಾಕಿ, ಒಂದು ಸೂಡು ಸಬ್ಬಸಗಿ ತುರುಕಿ ಇಟ್ಟೆ, ತೆಗದು ನೋಡಿದ್ರ ಹುಳಿ ಪಲ್ಯದ ವಾಸನಿ, ಬರ್ಗರ್ ಒಳಗಿನ ಆ ಘಮಾನೇ ಇಲ್ಲ, ಡಿಲ್ ಅಂದ್ರ ಸಬ್ಬಸಗೀನೇ ಹೌದಲ್ಲೋ?"

ಹೌದ್ರಿ ಅಕ್ಕೋರೇ, ಸಬ್ಬಸಗೀನೇ. ಗಿಡ ಬರೋಬ್ಬರಿ ಅದ, ಅದರ ವಯಸ್ಸು ತಪ್ಪ್ಯದ. ಹ್ಯಾಂಗಂತ ಹೇಳ್ತೀನಿ, ಆಮ್ಯಾಲ ಪಾರ್ಟಿ ಐಟಮ್ ನೋಡೂಣು.

ಮೊದಲ ಗೊತ್ತಿಲ್ಲದವರಿಗಿ ಲಗೂನ ಹೇಳಿಬಿಡ್ತೀನಿ. ಡಿಲ್ ಪಿಕಲ್ ಅಂದ್ರ ಸೌತಿಕಾಯಿ, ಉಪ್ಪುನೀರು ಇಲ್ಲಾ ವಿನೆಗರ್, ಬೆಳ್ಳೊಳ್ಳಿ, ಸಬ್ಬಸಗಿ. ಎಣ್ಣಿ ಇಲ್ಲ, ಖಾರಪುಡಿ ಇಲ್ಲ, ಮಾವಿನ ಉಪ್ಪಿನಕಾಯಿನ ತಲಿಯೊಳಗಿಂದ ತೆಗದು ಬಾಜೂಕ ಇಡ್ರಿ. ಮಾಡೂ ದಾರಿ ಎರಡು ಅವ. ಹಳಿ ದಾರಿ ಅಂದ್ರ ಬರೇ ಉಪ್ಪುನೀರಿನಾಗ ಮುಳುಗಿಸಿ ವಾರಗಟ್ಟಲೇ ಹುಳಿ ಬರಸೂದು, ಮೊಸರು ಹೆಪ್ಪು ಹಾಕ್ತಾವಲ್ಲ ಅದೇ ಕುಲದ ಬ್ಯಾಕ್ಟೀರಿಯಾ ಇಲ್ಲೂ ಲ್ಯಾಕ್ಟಿಕ್ ಆಸಿಡ್ ಮಾಡ್ತಾವ. ಹೊಸಾ ದಾರಿ ಅಂದ್ರ ವಿನೆಗರ್ ಸುರದು ಫ್ರಿಜ್ಜಿನಾಗ ಇಡೂದು.

ನಾನು ಕಲಬುರಗಿ ಮಂದಿಗಿ ಹೊಸಾ ದಾರೀನೇ ಹೇಳ್ತೀನಿ, ಅದಕ್ಕ ಕಾರಣ ಅದ. ಉಪ್ಪುನೀರಿನ ಪಿಕಲ್‌ಗಿ 21ರಿಂದ 24 ಡಿಗ್ರಿ ಸೆಲ್ಸಿಯಸ್ ಬೇಕು, ಅದೂ ಮೂರು ನಾಕು ವಾರ. 27 ದಾಟಿದ್ರ ಸೌತಿಕಾಯಿ ಮೆತ್ತಗಾಗಿ ಲೊಳಲೊಳ ಆಗ್ತದ. ನಮ್ಮಲ್ಲಿ 27 ಡಿಗ್ರಿ ಅಂದ್ರ ಏನ್ರಿ, ಬ್ಯಾಸಿಗ್ಯಾಗ ನಳದ ನೀರೇ ಅದಕ್ಕಿಂತ ಬಿಸಿ ಬರ್ತದ! ಡಿಸೆಂಬರ್‌ದಾಗ ಬೇಕಾದ್ರ ಟ್ರೈ ಮಾಡ್ರಿ, ಮೇ ತಿಂಗಳದಾಗ ಬ್ಯಾಡೇ ಬ್ಯಾಡ.

[ಸ್ಕ್ರೀನ್ ಮ್ಯಾಲ: ಸಣ್ಣ ಗೆರ್ಕಿನ್ ಸೌತಿಕಾಯಿ ಫೋಟೋ]

ಇನ್ನೊಂದು ಸಂಗತಿ ಕೇಳ್ರಿ, ಈ ವಿದೇಶಿ ಪಿಕಲ್ ಒಳಗಿನ ಬೆರಳುದ್ದದ ಸೌತಿಕಾಯಿ ಅದಲ್ಲ, ಗೆರ್ಕಿನ್, ಅದನ್ನ ಜಗತ್ತಿಗೇ ಎಲ್ಲಾಕಿಂತ ಹೆಚ್ಚು ಕಳಸೂ ದೇಶ ನಮ್ದೇ, ಮತ್ತ ಅದು ಶುರು ಆಗಿದ್ದೇ ಕರ್ನಾಟಕದಾಗ, 1990ರ ದಶಕದ ಮೊದಲಿಗಿ. 2020-21ರಾಗ ದೇಶದಿಂದ ಸುಮಾರು 2 ಲಕ್ಷ 23 ಸಾವಿರ ಟನ್ ಸೌತಿಕಾಯಿ, ಗೆರ್ಕಿನ್ ಹೊರಗ ಹೋಗ್ಯದ. 90 ದಿನದ ಬೆಳಿ, ಕಂಪನಿಯವರು ರೈತರ ಜತಿ ಮೊದಲೇ ಕರಾರು ಮಾಡ್ಕೊಂಡು ಬೆಳಸ್ತಾರ, ಡ್ರಮ್ಮಿಗಿ ತುಂಬಿ ಹಡಗು ಹತ್ತಸ್ತಾರ. ಅಂದ್ರ ನಮ್ಮ ರಾಜ್ಯದ ರೈತ ಬೆಳದ ಸೌತಿಕಾಯಿ ಪರದೇಶಕ್ಕ ಹೋಗಿ, ಬಾಟ್ಲಿ ಸೇರಿ, ಅಂದಚಂದದ ಲೇಬಲ್ ಹಚ್ಗೊಂಡು ಕುಂತಿರ್ತದ, ನಾವು ಇಲ್ಲಿ ಅದನ್ನ ಫಾರಿನ್ ಐಟಮ್ ಅಂತ ನೋಡ್ತಾ ಕುಂತೀವಿ. ಇರ್ಲಿ ಬಿಡ್ರಿ, ಗೆರ್ಕಿನ್ ಸಿಗದಿದ್ರ ಕಣ್ಣಿ ಮಾರ್ಕೆಟ್‌ನ್ಯಾಗ ಎಳಿ ಎಳಿ ಸೌತಿಕಾಯಿ, ಬೀಜ ಬಲೀಲಾರದ್ದು, ಆರಿಸಿ ತೊಗೋರಿ, ನಡೀತದ.

ಈಗ ಘಮದ ಮಾತಿಗಿ ಬರೂಣು. ಇದು ನನಗ ಭಾಳ ಸೇರಿದ ಭಾಗ, ಎಡಿಟರ್ ಕಟ್ ಮಾಡು ಅಂತಾನ, ನಾ ಮಾಡೂದಿಲ್ಲ.

ನಾವು ಪಲ್ಯಕ್ಕ ತರೂ ಸಬ್ಬಸಗಿ ಎಳೀದು, ತಪ್ಪಲ ಅಷ್ಟೇ. ಹೂ ಬಂತಂದ್ರ ಬಾಯಾರು ಸೂಡು ಹಿಂಗ ಮೂಗಿನ ಮುಂದ ಹಿಡದು, "ಬಲತದ ಇದು, ಬ್ಯಾಡ" ಅಂತ ಹೊಳ್ಳಿ ಇಡ್ತಾರ. ಡಿಲ್ ಪಿಕಲ್‌ಗಿ ಬೇಕಾಗಿದ್ದು ಆ ಹೊಳ್ಳಿ ಇಟ್ಟಿದ್ದೇ ನೋಡ್ರಿ! ಛತ್ರಿ ಬಿಚ್ಚಿದಂಗ ಹಳದಿ ಹೂ ಬಂದು, ಹಸಿ ಕಾಳು ಕಟ್ಟಿರ್ತದಲ್ಲ, ಅದರ ಗೊಂಚಲಾನೇ ಬಾಟ್ಲಿಗಿ ಹಾಕ್ತಾರ. ತಪ್ಪಲದ ಘಮ ಬರೂದು ಫೆಲ್ಯಾಂಡ್ರೀನ್, ಡಿಲ್ ಈಥರ್ ಅನ್ನೂ ವಸ್ತುಗಳಿಂದ. ಕಾಳಿನ್ಯಾಗ ಯಜಮಾನಿಕಿ ಬ್ಯಾರೇದ್ದು, ಅದರ ಹೆಸರು ಕಾರ್ವೋನ್. ಈ ಕಾರ್ವೋನ್ ವಾಸನಿ ನಿಮಗ ಹುಟ್ಟಿದಾಗಿಂದ ಗೊತ್ತದ, ಮೂಗು ಮುಚ್ಚಿ ಬಾಯಾಗ ಸುರದಾರ ನಿಮಗ. ಗ್ರೈಪ್ ವಾಟರ್ರೀ! 1851ರಾಗ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ್ಯಾಗ ವಿಲಿಯಂ ವುಡ್‌ವರ್ಡ್ ಅನ್ನೂ ಔಷಧಿ ಅಂಗಡಿಯವ ಮಾಡಿದ್ದು, ಅದರಾಗ ಸಬ್ಬಸಗಿ ಎಣ್ಣಿ ಇತ್ತು, ಆ ಹಳಿ ಫಾರ್ಮುಲಾದಾಗ ಆಲ್ಕೋಹಾಲೂ ಇತ್ತು, ಕೂಸು ಸುಮ್ಮ ಆಗೂದ್ಯಾಕಂತ ಈಗ ತಿಳೀತಿಲ್ಲೋ?

ಅಸಲಿ ಮಜಾ ಇನ್ನ ಮುಂದ ಅದ. ನಮ್ಮ ಪುದೀನಾದ ಘಮ ಅದಲ್ಲ, ಚೂಯಿಂಗ್ ಗಮ್ ಒಳಗ ಬರ್ತದಲ್ಲ ಸ್ಪಿಯರ್‌ಮಿಂಟ್, ಅದೂ ಕಾರ್ವೋನೇ. ಅದೇ 10 ಕಾರ್ಬನ್, 14 ಹೈಡ್ರೋಜನ್, 1 ಆಕ್ಸಿಜನ್, ಒಂದಕ್ಕೊಂದು ಕೂಡಿದ ರೀತೀನೂ ಅದೇ. ಹಂಗಾದ್ರ ಒಂದು ಗ್ರೈಪ್ ವಾಟರ್ ಹೊಡದಂಗ, ಇನ್ನೊಂದು ಪುದೀನಾ ಚಟ್ನಿ ಹೊಡದಂಗ ಯಾಕ?

[ಎರಡು ಚಪ್ಪಲ್ ಕಟ್ಟಿ ಮ್ಯಾಲ ಇಡೂದು. "ಅಡಗಿ ಕಟ್ಟಿ ಮ್ಯಾಲ ಚಪ್ಪಲ್ಲಾ?" ಅಂತ ಹಿಂದಿಂದ ಅವ್ವನ ದನಿ]

ಹೊಸಾವು ಇವು ಯವ್ವಾ, ಅಂಗಡ್ಯಾಗಿಂದ ಈಗ ತಂದೀನಿ. ನೋಡ್ರಿ, ಶರಣಬಸವೇಶ್ವರ ಗುಡಿ ಜಾತ್ರಿಗಿ ಹೋಗೀರಿ, ಹೊರಗ ಚಪ್ಪಲ್ ಬಿಟ್ಟೀರಿ, ದರ್ಶನ ಮಾಡಿ ಬರೂದ್ರಾಗ ಯಾವನೋ ಪುಣ್ಯಾತ್ಮ ಅವಸರದಾಗ ನಿಮ್ಮ ಬಲಗಾಲಿಂದು ಹಾಕ್ಕೊಂಡು ಹೋಗ್ಯಾನ, ನಿಮಗ ಎರಡೂ ಎಡಗಾಲಿಂದೇ ಉಳದಾವ. ಅದೇ ಚರ್ಮ, ಅದೇ ನಂಬರ್, ಅದೇ ಹೊಲಿಗಿ, ತೂಕ ಹಾಕಿದ್ರ ಅಷ್ಟೇ ಬರ್ತದ, ಆದ್ರ ಬಲಗಾಲಿಗಿ ಕೂಡೂದಿಲ್ಲ, ಮನೀ ತನಕ ಕುಂಟಕೋತ ಬರಬೇಕು. ಸಬ್ಬಸಗಿ ಕಾಳಿನ ಕಾರ್ವೋನ್ ಮತ್ತ ಪುದೀನಾದ ಕಾರ್ವೋನ್ ಹಿಂಗ ಎಡಾ ಬಲಾ ಅವ, ಕನ್ನಡಿ ಒಳಗಿನ ರೂಪ. ಮೂಗಿನ ಒಳಗ ವಾಸನಿ ಹಿಡಿಯೂ ರಿಸೆಪ್ಟರ್ ಇರ್ತಾವಲ್ಲ, ಅವಕ್ಕೂ ಎಡಾ ಬಲಾ ಅದ, ಒಂದು ಕೂತ ಜಾಗಾದಾಗ ಇನ್ನೊಂದು ಸರಿ ಕೂಡೂದಿಲ್ಲ, ಅದಕ್ಕ ಮಿದುಳಿಗಿ ಬ್ಯಾರೇನೇ ಸುದ್ದಿ ಹೋಗ್ತದ. ಮೊದಲೆಲ್ಲಾ ಕೆಲವರು, "ಹಂಗೇನಿಲ್ಲ, ಎಣ್ಣಿ ಒಳಗ ಬ್ಯಾರೆ ಏನೋ ಕಲಬೆರಕಿ ಅದ, ಅದರ ವಾಸನಿ ಅದು" ಅಂತ ವಾದ ಮಾಡ್ತಿದ್ರು, 1971ರಾಗ ವಿಜ್ಞಾನಿಗಳು ಎರಡನ್ನೂ ಚೊಕ್ಕ ಶುದ್ಧ ಮಾಡಿ ಮೂಸಿ, ಖರೇನೇ ಬ್ಯಾರೆ ಬ್ಯಾರೆ ಅಂತ ತೋರಿಸ್ಯಾರ. ನನಗಂತೂ ಇದು ಓದಿದ ಮ್ಯಾಲ ಪುದೀನಾ ಚಟ್ನಿ ತಿನ್ನೂವಾಗ ಗ್ರೈಪ್ ವಾಟರ್ ನೆನಪಾಗ್ತದ, ಈಗ ನಿಮಗೂ ಆಗ್ಲಿ.

ಆತು, ಈಗ ಕೆಲಸದ ಮಾತು. ಹೂ ಬಂದ ಸಬ್ಬಸಗಿ ಎಲ್ಲಿ ಸಿಗ್ತದ? ಮಾರ್ಕೆಟ್‌ನ್ಯಾಗ ಕೇಳಿದ್ರ ನಕ್ಕು ಪುಕ್ಕಟೆ ಕೊಟ್ಟಾರು. ಇಲ್ಲಾ ಮಾಳಗಿ ಮ್ಯಾಲ ಒಂದು ಕುಂಡ್ಯಾಗ ಹಾಕಿ ಕೀಳದೇ ಬಿಟ್ಟುಬಿಡ್ರಿ, ನಮ್ಮ ಬಿಸಲಿಗಿ ತಾನೇ ಲಗೂ ಹೂ ಬಿಡ್ತದ. ಇವೆರಡೂ ಆಗದಿದ್ರ ಕಾಳು. ಬಾಣಂತಿಗಿ ಊಟ ಆದ ಮ್ಯಾಲ ಎಲಿ ಅಡಿಕಿ ಜತಿ ಸಬ್ಬಸಗಿ ಕಾಳು ಕೊಡ್ತಾರಲ್ಲ, ಅದೇ, ಕಿರಾಣಿ ಅಂಗಡ್ಯಾಗ ಕೇಳ್ರಿ. ಬಿತ್ತೂ ಬೀಜದ ಅಂಗಡಿಗಿ ಮಾತ್ರ ಹೋಗಬ್ಯಾಡ್ರಿ, ಬಿತ್ತನಿ ಬೀಜಕ್ಕ ಔಷಧಿ ಹಚ್ಚಿರ್ತಾರ, ತಿನ್ನೂದಲ್ಲ ಅದು.

ಅರ್ಧ ಕೆಜಿ ಸೌತಿಕಾಯಿ ತೊಗೋರಿ. ಎರಡೂ ತುದಿ ಕೊಯ್ರಿ. ತೊಟ್ಟಿನ ಕಡಿ ಕಹಿ ಇರ್ತದ, ಅದು ನಮ್ಮ ಅವ್ವಂದಿರಿಗಿ ಗೊತ್ತದ, ಕೊಯ್ದು ತಿಕ್ಕಿ ನೊರಿ ತೆಗೀತಾರ. ಆದ್ರ ಪಿಕಲ್ ಮೆತ್ತಗ ಮಾಡೂದು ಇನ್ನೊಂದು ತುದಿ, ಹೂ ಇದ್ದ ಕಡಿ, ಅಲ್ಲಿ ಒಂದು ಎಂಜೈಮ್ ಇರ್ತದ, ಅದು ಕಾಯಿನ ಗಟ್ಟಿ ಹಿಡಿಯೂ ಪೆಕ್ಟಿನ್ ಅನ್ನೂ ಅಂಟನ್ನ ಕರಗಿಸಿ ಕುರುಕುರು ಕಳದುಬಿಡ್ತದ. ಒಂದು ನಾಣ್ಯದ ದಪ್ಪ ಕೊಯ್ದು ಒಗದ್ರ ಸಾಕು. ಒಂದು ಕಪ್ ವಿನೆಗರ್, ಒಂದು ಕಪ್ ನೀರು, ದೊಡ್ಡ ಚಮಚ ಉಪ್ಪು, ಸಣ್ಣ ಚಮಚ ಸಕ್ರಿ, ಕುದಿಸ್ರಿ. ಉಪ್ಪು ಹರಳುಪ್ಪೇ ಇರ್ಲಿ, ಪುಡಿ ಉಪ್ಪಿನ್ಯಾಗ ಗಂಟು ಆಗಬಾರ್ದಂತ ಹಾಕಿರ್ತಾರಲ್ಲ ಅದರಿಂದ ನೀರು ಮಬ್ಬಾಗ್ತದ. ಬಾಟ್ಲ್ಯಾಗ ಐದಾರು ಎಸಳು ಬೆಳ್ಳೊಳ್ಳಿ, ಹತ್ತು ಕಾಳುಮೆಣಸು, ಅರ್ಧ ಚಮಚ ಸಾಸಿವಿ, ಎರಡು ಗೊಂಚಲು ಸಬ್ಬಸಗಿ ಹೂ, ಇಲ್ಲಾ ಒಂದು ಚಮಚ ಕಾಳು ಜರಾ ಜಜ್ಜಿ. ಒಂದು ಹಸಿಮೆಣಸಿನಕಾಯಿ ಸೀಳಿ ಹಾಕ್ರಿ, ಅಮೆರಿಕಾದವರು ಕೇಳಿದ್ರ ನನ್ನ ಹೆಸರು ಹೇಳ್ರಿ. ಸೌತಿಕಾಯಿ ತುಂಬಿ, ನೀರು ಸುರದು, ಆರಿದ ಮ್ಯಾಲ ಫ್ರಿಜ್. ಎರಡು ದಿನ ಮುಟ್ಟಬ್ಯಾಡ್ರಿ. ಇದು ಮಾವಿನ ಉಪ್ಪಿನಕಾಯಿ ಹಂಗ ವರ್ಷಗಟ್ಟಲೇ ಅಟ್ಟದ ಮ್ಯಾಲ ಇಡೂದಲ್ಲ ಮತ್ತ, ಫ್ರಿಜ್ಜಿನಾಗೇ ಇಟ್ಟು ಎರಡು ಮೂರು ವಾರದಾಗ ಖಾಲಿ ಮಾಡ್ರಿ.

[ಕಡಾಯಿ, ಎಣ್ಣಿ]

ಪಾರ್ಟಿ ಐಟಮ್ ನಂಬರ್ ಒಂದು, ಪಿಕಲ್ ಭಜಿ. ಇದು ನನ್ನ ಕಲ್ಪನಾ ಅಲ್ರಿ, ಅಮೆರಿಕಾದ ಅರ್ಕಾನ್ಸಾ ರಾಜ್ಯದಾಗ ಅಟ್ಕಿನ್ಸ್ ಅಂತ ಸಣ್ಣ ಊರದ, ಅಲ್ಲಿ 1963ರಾಗ ಬರ್ನೆಲ್ ಆಸ್ಟಿನ್ ಅಂತ ಒಬ್ಬ ಡ್ರೈವ್-ಇನ್ ಹೋಟೆಲ್‌ನವ, ಅಡ್ಡಹೆಸರೇ ಫ್ಯಾಟ್‌ಮ್ಯಾನ್, ಊರಾಗೇ ಪಿಕಲ್ ಫ್ಯಾಕ್ಟರಿ ಇತ್ತು, ಪಿಕಲ್ ಹೆಚ್ಚಿ ಹಿಟ್ಟಿನಾಗ ಅದ್ದಿ ಕರದು ಮಾರಾಕ ಹತ್ತಿದ. ಈಗ ಆ ಊರಾಗ ಅದರ ಹೆಸರಿಲೇ ಹಬ್ಬಾನೂ ಮಾಡ್ತಾರ. ಮೆಣಸಿನಕಾಯಿ ಭಜಿ ಇಲ್ಲದ ಸಂಜಿ ಕಂಡಿಲ್ಲದ ನಮ್ಮೂರಾಗ ಇದನ್ನ ಯಾರೂ ಮಾಡಿಲ್ಲಂದ್ರ ನನಗ ನಾಚಿಕಿ ಬರ್ತದ.

ಬಿಲ್ಲಿ ಬಿಲ್ಲಿ ಹೆಚ್ಚಿ, ಬಟ್ಟಿ ಮ್ಯಾಲ ಹರವಿ ಅರ್ಧ ತಾಸು ಬಿಡ್ರಿ. ಇದು ಬಿಟ್ರ ಕೆಟ್ಟಂಗೇ, ಯಾಕಂದ್ರ ಒಳಗಿನ ನೀರು ಎಣ್ಣ್ಯಾಗ ಆವಿ ಆಗಿ ಹಿಟ್ಟನ್ನ ದೂಡಿ ಹಾಕ್ತದ, ಪಿಕಲ್ ಒಂದು ಕಡಿ, ಟೊಪ್ಪಿಗಿ ಒಂದು ಕಡಿ ತೇಲ್ತಾವ. ಒಣ ಹಿಟ್ಟಿನ್ಯಾಗ ಹೊರಳಾಡಿಸಿ ಆಮ್ಯಾಲ ಕಡ್ಲಿ ಹಿಟ್ಟಿನ ಕಲಸಿದ್ದರಾಗ ಅದ್ರಿ. ಹಿಟ್ಟಿಗಿ ಅಕ್ಕಿ ಹಿಟ್ಟು ಎರಡು ಚಮಚ, ಖಾರಪುಡಿ, ಅಜಿವಾನ. ಉಪ್ಪು ಬ್ಯಾಡ, ಪಿಕಲ್ಲೇ ಉಪ್ಪಿನ ಗುಡ್ಡ. ಸೋಡಾನೂ ಬ್ಯಾಡ, ವಿನೆಗರ್ ತಾಗಿದ್ದೇ ಬುರಬುರ ಅಂತ ಉಬ್ಬಿ ಅಲ್ಲೇ ಮುಗೀತದ. ಎಣ್ಣಿ ಛಲೋ ಕಾದಿರಬೇಕು, 180 ಡಿಗ್ರಿ, ಥರ್ಮಾಮೀಟರ್ ಇಲ್ಲದವರು ಒಂದು ಹನಿ ಹಿಟ್ಟು ಬಿಡ್ರಿ, ತಳ ಮುಟ್ಟೂದ್ರಾಗ ಮ್ಯಾಲ ಬರಬೇಕು. ಹೆಚ್ಚಿ ಒರಸೂ ಕೆಲಸ ಮುಂಜಾನೀನೇ ಮುಗಸ್ರಿ, ಕರಿಯೂದು ಮಾತ್ರ ಮಂದಿ ಬಂದು ಕುಂತ ಮ್ಯಾಲ, ಆರಿದ ಪಿಕಲ್ ಭಜಿ ವೈರಿಗೂ ಬ್ಯಾಡ.

[ಎಡಿಟರ್ ಗಡಿಯಾರ ತೋರಿಸ್ತಾನ]

ಹೂಂ ಹೂಂ, ಟೈಮ್ ಆತು, ಉಳದಿದ್ದು ಒಟ್ಟಿಗೇ ಹೇಳ್ತೀನಿ. ರೋಲ್: ಅಮೆರಿಕಾದಾಗ ಹಂದಿ ಮಾಂಸದ ತೆಳು ಹಾಳಿಗಿ ಕ್ರೀಮ್ ಚೀಸ್ ಸವರಿ ನಡುವ ಇಡೀ ಪಿಕಲ್ ಇಟ್ಟು ಸುತ್ತಿ ಕೊಯ್ತಾರ, ಮಿನ್ನೆಸೋಟಾ ಸುಶಿ ಅಂತ ಚೇಷ್ಟಿ ಮಾಡ್ತಾರ. ನಾವು ತೆಳು ಚಪಾತಿಗಿ ಬಟ್ಟ್ಯಾಗ ಕಟ್ಟಿ ನೀರು ಇಳಿಸಿದ ಮೊಸರು ಸವರಿ ಹಂಗೇ ಸುತ್ತೂದು, ಫ್ರಿಜ್ಜಿನಾಗ ಅರ್ಧ ತಾಸು ಇಟ್ಟು ಕೊಯ್ದ್ರ ಬಿಚ್ಚೂದಿಲ್ಲ. ಡಿಪ್: ಅದೇ ಗಟ್ಟಿ ಮೊಸರಿಗಿ ಸಣ್ಣಗ ಹೆಚ್ಚಿದ ಪಿಕಲ್, ಬೆಳ್ಳೊಳ್ಳಿ, ಮೆಣಸಿನಪುಡಿ, ಮತ್ತ ಎಳಿ ಸಬ್ಬಸಗಿ ತಪ್ಪಲ, ಇಲ್ಲಿ ತಪ್ಪಲಾನೇ ಛಲೋ, ಅದ್ದಿ ತಿನ್ನಾಕ ಚಿಪ್ಸ್ ತರಬ್ಯಾಡ್ರಿ, ಖಡಕ್ ಜೋಳದ ರೊಟ್ಟಿ ಮುರದು ಇಡ್ರಿ, ಇದರ ಮುಂದ ಯಾವ ಚಿಪ್ಸೂ ನಿಲ್ಲೂದಿಲ್ಲ ಅಂತ ನಾ ಬರದು ಕೊಡ್ತೀನಿ. ಕಡ್ಡಿ: ಪನೀರ್, ಪಿಕಲ್, ಟೊಮ್ಯಾಟೋ, ಹಲ್ಲುಕಡ್ಡಿಗಿ ಚುಚ್ಚಿ ಇಡ್ರಿ, ಇದಕ್ಕೇನ್ ವಿಡಿಯೋ ಬೇಕ್ರಿ. ಮಿಸಿಸಿಪ್ಪಿ ಡೆಲ್ಟಾ ಕಡಿ ಮಂದಿ ಪಿಕಲ್‌ನ ಕೂಲ್-ಏಡ್ ಶರಬತ್ತಿನ್ಯಾಗ ನೆನಸಿ ಕೆಂಪಗ ಸಿಹಿ ಮಾಡಿ ತಿಂತಾರ, ಅದನ್ನ ನಾ ಮಾಡಿ ತೋರಸೂದಿಲ್ಲ, ಕಮೆಂಟಿನ್ಯಾಗ ಎಷ್ಟ ಬೈದ್ರೂ ಇಲ್ಲ.

ಬಿಪಿ ಇದ್ದ ಹಿರ್ಯಾರು ಬಂದಿದ್ರ ಎರಡು ಬಿಲ್ಲಿಗಿ ಕೈ ಹಿಡೀರಿ, ಉಪ್ಪು ಭಾಳ ಇರ್ತದ. ಬಾಟ್ಲ್ಯಾಗ ಉಳದ ಹುಳಿನೀರಿಗಿ ಹೊಸಾ ಸೌತಿಕಾಯಿ ಹಾಕಬ್ಯಾಡ್ರಿ, ಮೊದಲಿನವು ನೀರು ಬಿಟ್ಟು ಹುಳಿ ತೆಳ್ಳಗಾಗಿರ್ತದ. ಕುದಿಸಿದ ಆಲೂಗಡ್ಡಿ ಬಿಸಿ ಇದ್ದಾಗ ಎರಡು ಚಮಚ ಅದರ ಮ್ಯಾಲ ಸುರೀರಿ, ಹೀರಿ ಕುಂದರ್ತದ, ಉಳ್ಳಾಗಡ್ಡಿ ಹಾಕಿ ತಿನ್ರಿ. ಎಣ್ಣಿ ಕಾದದ, ನಾ ಹೊಂಟೆ.